ಕಡ್ಡಿಯೊಳಗಿನ ಪೇಂಟ್: ಗೋಡೆ, ಬಟ್ಟೆ, ಕಾಗದದ ಮೇಲೆ ಪೇಂಟ್ ಕ್ರೇಯಾನ್ ಬಳಸುವುದು ಹೇಗೆ

ಪೇಂಟ್ ಕ್ರೇಯಾನ್ ಅನ್ನು ಮೊದಲ ಸಲ ಹಿಡಿದವರ ದೂರು ಹೆಚ್ಚುಕಡಿಮೆ ಒಂದೇ: "ಇದು ಬರೆಯೋದೇ ಇಲ್ವಲ್ಲ!" ನಾನೂ ಹಾಗೇ ಅಂದುಕೊಂಡು ನನ್ನ ಮೊದಲ ಕಡ್ಡಿಯನ್ನು ಡ್ರಾಯರ್‌ಗೆ ಎಸೆದಿದ್ದೆ. ತಿಂಗಳುಗಟ್ಟಲೆ ಅದು ಅಲ್ಲೇ ಬಿದ್ದಿತ್ತು. ನಿಜಕ್ಕೂ ಅದಕ್ಕೇನೂ ಆಗಿರಲಿಲ್ಲ. ತುದಿಯ ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟಿತ್ತು, ಅಷ್ಟೇ. ಉಗುರಿನಿಂದ ಅದನ್ನು ಸುಲಿದರೆ ಒಳಗೆ ಮೆತ್ತಗಿನ, ಹೊಳೆಯುವ ಹಸಿ ಪೇಂಟ್ ಇತ್ತು.

ಹೆಸರು ನೋಡಿ ಮೋಸಹೋಗಬೇಡಿ. ಇದು ಮಕ್ಕಳ ಕ್ರೇಯಾನ್‌ನ ದೊಡ್ಡಣ್ಣ ಅಲ್ಲ, ಕಡ್ಡಿಯ ಆಕಾರಕ್ಕೆ ಬಂದಿರುವ ಆಯಿಲ್ ಪೇಂಟ್. ಬಣ್ಣದ ಪುಡಿ, ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ, ಆಕಾರ ಹಿಡಿದಿಡಲು ಒಂದಷ್ಟು ಮೇಣ. ಇಲ್ಲಿ ಎಣ್ಣೆ ನೀರಿನ ಹಾಗೆ ಆವಿಯಾಗಿ ಹೋಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಪೊರೆ ಕಟ್ಟುವುದು, ಒಣಗಲು ದಿನಗಟ್ಟಲೆ ಹಿಡಿಯುವುದು, ಎಣ್ಣೆ ಒರೆಸಿದ ಬಟ್ಟೆಯ ಬಗ್ಗೆ ಎಚ್ಚರ ಬೇಕಾಗುವುದು, ಎಲ್ಲದಕ್ಕೂ ಕಾರಣ ಇದೇ.

ನಿಮ್ಮ ಕೈಯಲ್ಲಿರುವುದು ಯಾವುದು?

ಅಂಗಡಿಯ ಒಂದೇ ಶೆಲ್ಫಿನಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳು ಅಣ್ಣತಮ್ಮಂದಿರ ಹಾಗೆ ಕೂತಿರುತ್ತವೆ. ಮೇಣದ ಕ್ರೇಯಾನ್ ನಮಗೆಲ್ಲ ಗೊತ್ತು. ಆಯಿಲ್ ಪ್ಯಾಸ್ಟಲ್‌ನಲ್ಲೂ ಎಣ್ಣೆ ಇರುತ್ತದೆ, ಆದರೆ ಅದು ಒಣಗದ ಎಣ್ಣೆ. ಹತ್ತು ವರ್ಷ ಬಿಟ್ಟು ಮುಟ್ಟಿದರೂ ಬೆರಳಿಗೆ ಅಂಟುತ್ತದೆ. ಮೂರನೆಯದು ಆಯಿಲ್ ಸ್ಟಿಕ್ ಅಥವಾ ಪೇಂಟ್ ಸ್ಟಿಕ್, ಅಂದರೆ ನಿಜವಾಗಿ ಒಣಗುವ ನಮ್ಮ ಪೇಂಟ್ ಕ್ರೇಯಾನ್. ನಾಲ್ಕನೆಯದು ಕಾರ್ಖಾನೆಗಳಲ್ಲಿ ಕಬ್ಬಿಣ, ಮರದ ದಿಮ್ಮಿ, ಟೈರ್ ಮೇಲೆ ಗುರುತು ಹಾಕಲು ಮಾಡಿದ ಸಾಲಿಡ್ ಪೇಂಟ್ ಮಾರ್ಕರ್. ಮಾರ್ಕಲ್, ಸಕುರಾ ಕಂಪನಿಗಳ ಕಡ್ಡಿಗಳು ಈ ಗುಂಪಿನಲ್ಲಿ ಹೆಸರಾದವು. ತುಕ್ಕು ಹಿಡಿದ, ಒರಟಾದ, ಸ್ವಲ್ಪ ಎಣ್ಣೆ ಜಿಡ್ಡಿರುವ ಮೇಲ್ಮೈ ಮೇಲೂ ಇವು ಹಿಡಿಯುತ್ತವೆ. ಬೀದಿ ಕಲಾವಿದರ ಕಣ್ಣಿಗೆ ಇವು ಬಿದ್ದದ್ದು ಅದಕ್ಕೇ.

ಹಾಗೆ ನೋಡಿದರೆ ಮಕ್ಕಳ ಕ್ರೇಯಾನ್‌ಗೂ ಕೂಲಿಕಾರರ ಗುರುತಿನ ಕಡ್ಡಿಗೂ ಹಳೆಯ ನಂಟಿದೆ. 1903ರಲ್ಲಿ ಕ್ರೇಯೋಲಾ ಡಬ್ಬಿ ಹೊರತಂದ ಅಮೆರಿಕದ ಬಿನ್ನಿ ಅಂಡ್ ಸ್ಮಿತ್ ಕಂಪನಿ ಅದಕ್ಕೂ ಮೊದಲು ಪೆಟ್ಟಿಗೆ, ಪೀಪಾಯಿಗಳ ಮೇಲೆ ಗುರುತು ಹಾಕುವ ಕಪ್ಪು ಮೇಣದ ಕಡ್ಡಿ ಮಾಡುತ್ತಿತ್ತು. ಅಲ್ಲಿನ ಗೂಡ್ಸ್ ರೈಲು ಕೆಲಸಗಾರರು ಕೈಯಲ್ಲಿದ್ದ ಗುರುತಿನ ಕಡ್ಡಿಯಿಂದಲೇ ಬೋಗಿಗಳ ಮೇಲೆ ತಮ್ಮದೇ ಪುಟ್ಟ ಚಿತ್ರ, ಅಡ್ಡಹೆಸರು ಗೀಚಿ ಕಳಿಸುತ್ತಿದ್ದರು. ಸ್ಪ್ರೇ ಡಬ್ಬಿ ಬರುವುದಕ್ಕಿಂತ ಎಷ್ಟೋ ಮೊದಲಿನ ಮಾತು ಇದು. ಮುಂದೆ 1980ರ ದಶಕದಲ್ಲಿ ನ್ಯೂಯಾರ್ಕಿನ ಕಲಾವಿದ ಜಾನ್ ಮಿಶೆಲ್ ಬಾಸ್ಕಿಯಾ ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್, ಅಂದರೆ ನೀರಿನಲ್ಲಿ ಕಲಸುವ ಪೇಂಟ್, ಬಳಿದು, ಅದರ ಮೇಲೆ ಆಯಿಲ್ ಸ್ಟಿಕ್‌ನಿಂದ ತಲೆಬುರುಡೆ, ಕಿರೀಟ, ಪದಗಳನ್ನು ಗೀಚಿದ. ಆ ಗೆರೆಗಳಲ್ಲಿ ಕಾಣುವ ಒರಟುತನ ಕಡ್ಡಿಯಿಂದ ಮಾತ್ರ ಬರುವಂಥದ್ದು, ಬ್ರಷ್ಷಿನಿಂದ ಬರುವುದು ಕಷ್ಟ.

ಲೇಬಲ್ ಹರಿದುಹೋಗಿದೆ, ಯಾವುದು ಅಂತ ಗೊತ್ತಾಗುತ್ತಿಲ್ಲ ಅನ್ನಿ. ಹಳೆಯ ಗಾಜಿನ ತುಂಡಿನ ಮೇಲೆ ಒಂದು ತೆಳು ಗೆರೆ ಎಳೆದು ಒಂದು ವಾರ ಬಿಡಿ. ಆಮೇಲೆ ಬೆರಳಿನಿಂದ ಉಜ್ಜಿ. ಒರೆಸಿಕೊಂಡು ಬಂದರೆ ಅದು ಪ್ಯಾಸ್ಟಲ್. ಅಂಟಿಕೊಂಡು ನಿಂತಿದ್ದರೆ ಪೇಂಟ್ ಕಡ್ಡಿ. ಹೊರಗಿನ ಗೋಡೆಗೆ ಪ್ಯಾಸ್ಟಲ್ ದಂಡ. ಬಿಸಿಲಿಗೆ ಮೆತ್ತಗಾಗಿ ಧೂಳೆಲ್ಲ ಹಿಡಿದುಕೊಳ್ಳುತ್ತದೆ.

ಕೊಳ್ಳುವಾಗ ಇನ್ನೊಂದು ವಿಷಯ ನೋಡಿ. ಹೊರಗಿನ ಕೆಲಸಕ್ಕೆ ಬೆಳಕಿಗೆ ಮಾಸದ ಬಣ್ಣ ಬೇಕು. ಕಪ್ಪು, ಬಿಳಿ, ಕಾವಿ ಮಣ್ಣಿನ ಬಣ್ಣಗಳು ಗಟ್ಟಿ. ಮಿಂಚುವ ನಿಯಾನ್ ಬಣ್ಣಗಳು ಎಲ್ಲಕ್ಕಿಂತ ಮೊದಲು ಬಿಸಿಲಿಗೆ ಸೋಲುತ್ತವೆ. ಹನ್ನೆರಡು ಬಣ್ಣದ ಸೆಟ್‌ಗೆ ಆಸೆಪಡುವ ಬದಲು ಒಂದು ಕಪ್ಪು, ಎರಡು ಬಿಳಿ, ಒಂದು ಗಾಢ ಕೆಂಪು ತಗೊಳ್ಳಿ. ಬಿಳಿ ಯಾಕೆ ಎರಡು ಅಂದರೆ ಅದೇ ಮೊದಲು ಮುಗಿಯುವುದು.

ಪೊರೆ ಸುಲಿಯುವುದು

ಕಡ್ಡಿಯನ್ನು ಒಂದು ಕೈಯಲ್ಲಿ ಹಿಡಿದು ತುದಿಯನ್ನು ಪೇಪರ್ ಟವೆಲ್‌ನಿಂದ ಚಿವುಟಿ ತಿರುಗಿಸಿ. ಪೊರೆ ಸುಕ್ಕುಗಟ್ಟಿ ಟೊಪ್ಪಿಗೆಯ ಹಾಗೆ ಕಳಚಿ ಬರುತ್ತದೆ. ದಪ್ಪಗಿದ್ದರೆ ಮೊಂಡು ಚಾಕುವಿನಿಂದ ಸುತ್ತಲೂ ಕೆರೆಯಿರಿ. ತುದಿಯನ್ನು ನೆಲಕ್ಕೆ ಉಜ್ಜಿ ತೆಗೆಯುವ ಚಟ ಬೇಡ. ಪೊರೆಯ ಚೂರುಗಳು ಕಡ್ಡಿಗೇ ಮೆತ್ತಿಕೊಂಡು ಆಮೇಲೆ ಚಿತ್ರದ ಮಧ್ಯೆ ಗಂಟುಗಂಟಾಗಿ ಏಳುತ್ತವೆ. ಸುಲಿದ ಚೂರುಗಳನ್ನು ಆಗಲೇ ಒಂದು ಕಾಗದದಲ್ಲಿ ಮಡಚಿಡಿ. ಇಲ್ಲದಿದ್ದರೆ ಚಪ್ಪಲಿಗೆ ಅಂಟಿಕೊಂಡು ಮನೆಯೆಲ್ಲ ಓಡಾಡುತ್ತವೆ. ಅನುಭವದ ಮಾತು.

ಸುಲಿದ ಮೇಲೆ ಸುಮಾರು ಒಂದು ದಿನದಲ್ಲಿ ಹೊಸ ಪೊರೆ ಕಟ್ಟುತ್ತದೆ. ಇದರಿಂದ ಉಪಯೋಗವೇ ಜಾಸ್ತಿ, ಒಳಗಿನ ಪೇಂಟ್ ಒಣಗದೆ ಉಳಿಯುತ್ತದೆ. ಆದ್ದರಿಂದ ಅವತ್ತು ಬೇಕಾದ ಬಣ್ಣಗಳನ್ನು ಮಾತ್ರ ಸುಲಿಯಿರಿ. ತಿರುಗಿಸಿ ಮೇಲೆತ್ತುವ ಮಾರ್ಕರ್ ಆದರೆ ಅರ್ಧ ಬೆರಳಿನ ಅಗಲದಷ್ಟೇ ಹೊರಗೆ ಬರಲಿ. ಜಾಸ್ತಿ ಎತ್ತಿದರೆ ಒತ್ತಿದಾಗ ಪಟಕ್ಕಂತ ಮುರಿಯುತ್ತದೆ.

ಗೋಡೆಗೆ ಹೋಗುವ ಮುನ್ನ

ಗೋಡೆ ಯಾರದ್ದು? ಮೊದಲ ಪ್ರಶ್ನೆ ಇದು. ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ, ಮೊಬೈಲಿನಲ್ಲಿ ಒಂದು ಸಾಲು ಮೆಸೇಜ್ ಇದ್ದರೂ ನಡೆಯುತ್ತದೆ. ಯಾರಾದರೂ ಬಂದು ಕೇಳಿದಾಗ ತೋರಿಸಬಹುದು. ಎಷ್ಟೋ ನಗರಗಳಲ್ಲಿ ಚಿತ್ರ ಬರೆಯಲೆಂದೇ ಬಿಟ್ಟುಕೊಟ್ಟ ಗೋಡೆಗಳಿರುತ್ತವೆ, ಕಲಿಯಲು ಅವು ಒಳ್ಳೆಯ ಜಾಗ. ಹಳೆಯ ಕಲ್ಲಿನ ಕಟ್ಟಡ, ಸ್ಮಾರಕಗಳ ಹತ್ತಿರ ಈ ಕಡ್ಡಿ ತೆಗೆಯಲೇಬೇಡಿ. ಎಣ್ಣೆ ಕಲ್ಲಿನ ರಂಧ್ರದೊಳಗೆ ಇಳಿದರೆ ಪೂರ್ತಿ ತೆಗೆಯಲು ಆಗುವುದಿಲ್ಲ. ಉಜ್ಜಿ ತೊಳೆದರೆ ಕಲೆ ಇನ್ನಷ್ಟು ಹರಡುತ್ತದೆ.

ಒಪ್ಪಿಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಈಗ ಗೋಡೆಯನ್ನೇ ಪರೀಕ್ಷೆ ಮಾಡಬೇಕು. ಇಲ್ಲಿ ನನ್ನದೊಂದು ಪೆದ್ದುತನ ಹೇಳಿಬಿಡುತ್ತೇನೆ. ಗೆಳೆಯನೊಬ್ಬನ ಹೊಸ ಕಾಂಪೌಂಡ್ ಗೋಡೆ. ಪ್ಲಾಸ್ಟರಿಂಗ್ ಆಗಿ ಹತ್ತು ದಿನವೂ ಆಗಿರಲಿಲ್ಲ. ನುಣುಪಾಗಿದೆ, ಬೆಳ್ಳಗಿದೆ ಅಂತ ಖುಷಿಯಿಂದ ಒಂದು ದೊಡ್ಡ ಮೀನು ಬರೆದೆ. ಒಂದೆರಡು ತಿಂಗಳಲ್ಲಿ ಮೀನಿನ ಹೊಟ್ಟೆ ಅಂಟಂಟಾಯಿತು, ಬಣ್ಣ ಕಳೆಗುಂದಿ ಅಲ್ಲಲ್ಲಿ ಉದುರಿತು. ಪೇಂಟ್ ಕಳಪೆ ಅಂತ ಬೈದುಕೊಂಡೆ. ತಪ್ಪು ನನ್ನದೇ. ಹಸಿ ಸಿಮೆಂಟ್ ತುಂಬಾ ಕ್ಷಾರದ ವಸ್ತು. ಕ್ಷಾರ, ತೇವ, ಎಣ್ಣೆ ಮೂರೂ ಸೇರಿದರೆ ಆಗುವುದು ಸೋಪು. ಸೋಪು ತಯಾರಿಸುವುದೂ ಹೀಗೇ ತಾನೆ? ನಾನು ಬರೆದ ಮೀನು ಗೋಡೆಯ ಮೇಲೇ ಸೋಪಾಗಿತ್ತು.

ಆದ್ದರಿಂದ ಹೊಸ ಪ್ಲಾಸ್ಟರ್ ಆದರೆ ಕಡಿಮೆ ಅಂದರೂ 28 ದಿನ ಬಿಡಿ, ಆಮೇಲೂ ಕ್ಷಾರ ತಡೆಯುವ ಪ್ರೈಮರ್ ಹೊಡೆಯದೆ ಮುಟ್ಟಬೇಡಿ. ಹಳೆಯ ಗೋಡೆಯಾದರೆ ತೇವ ಪರೀಕ್ಷೆ ಮಾಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಒಳಗೆ ನೀರಿನ ಹನಿ ಕಂಡರೆ ಗೋಡೆ ಇನ್ನೂ ಬೆವರುತ್ತಿದೆ, ಕಾಯಬೇಕು. ಅಂಗೈಯಿಂದ ಉಜ್ಜಿದಾಗ ಬಿಳಿ ಪುಡಿ ಮೆತ್ತಿಕೊಂಡರೆ ಹಳೆಯ ಸುಣ್ಣ ಉದುರುತ್ತಿದೆ ಅಂತ ಅರ್ಥ. ಗಟ್ಟಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಒಣಗಿದ ಮೇಲೆ ಪ್ರೈಮರ್ ಹೊಡೆಯಿರಿ.

ಎಲ್ಲಕ್ಕಿಂತ ಚೆನ್ನಾಗಿ ನಡೆಯುವುದು ಹೊಳಪಿಲ್ಲದ ಹೊರಾಂಗಣ ಅಕ್ರಿಲಿಕ್ ಎಮಲ್ಷನ್ ಬಳಿದು ಒಣಗಿಸಿದ ಗೋಡೆ. ಕಡ್ಡಿ ಅದರ ಮೇಲೆ ಸ್ವಲ್ಪ ಕಚ್ಚಿಕೊಂಡು ಓಡುತ್ತದೆ. ಹೊಳೆಯುವ ಎನಾಮಲ್ ಮೇಲೆ ಜಾರುತ್ತದೆ, ಮರಳು ಕಾಗದದಿಂದ ಮೆಲ್ಲಗೆ ಉಜ್ಜಿ ಮಂಕು ಮಾಡಿಕೊಳ್ಳಿ. ಬರೀ ಇಟ್ಟಿಗೆ ನೋಡಲು ಚಂದ, ಆದರೆ ಕಡ್ಡಿಯನ್ನು ತುರಿಮಣೆಯ ಹಾಗೆ ತುರಿದುಬಿಡುತ್ತದೆ. ಮೊದಲು ಒಂದು ಅಂಗೈ ಅಗಲದಷ್ಟು ಜಾಗ ತುಂಬಿಸಿ, ಎಷ್ಟು ಕಡ್ಡಿ ಸವೆಯಿತು ಅಂತ ನೋಡಿಕೊಳ್ಳಿ. ಪೂರ್ತಿ ಚಿತ್ರಕ್ಕೆ ಎಷ್ಟು ಬೇಕು ಅನ್ನೋ ಲೆಕ್ಕ ಅಲ್ಲೇ ಸಿಗುತ್ತದೆ.

ಗೋಡೆಯ ಮೇಲೆ, ಒಂದೊಂದೇ ಹಂತ

1. ನಕ್ಷೆಯನ್ನು ಸಾದಾ ಸೀಮೆಸುಣ್ಣದಿಂದ, ತೀರಾ ತೆಳ್ಳಗೆ ಬರೆಯಿರಿ. ಇದ್ದಿಲು ಬೇಡ. ಅದರ ಕಪ್ಪು ಹಳದಿ ಕಡ್ಡಿಗೆ ಹತ್ತಿದರೆ ಹಳದಿ ಕೊಳೆ ಹಸಿರಾಗುತ್ತದೆ. ಚಿತ್ರ ದೊಡ್ಡದಾದರೆ ಕಾಗದದ ಸ್ಕೆಚ್ ಮೇಲೂ ಗೋಡೆಯ ಮೇಲೂ ಅಷ್ಟೇ ಸಂಖ್ಯೆಯ ಚೌಕ ಹಾಕಿಕೊಂಡು ಒಂದೊಂದೇ ಚೌಕ ದಾಟಿಸಿ.

2. ಸುಣ್ಣದ ಪುಡಿಯನ್ನು ಒಣ ಬಟ್ಟೆಯಿಂದ ತಟ್ಟಿ ಉದುರಿಸಿ, ಗೆರೆಯ ನೆರಳು ಉಳಿದರೆ ಸಾಕು. ಪುಡಿ ಜಾಸ್ತಿ ಇದ್ದರೆ ಪೇಂಟ್ ಗೋಡೆಗೆ ಅಂಟುವ ಬದಲು ಪುಡಿಗೆ ಅಂಟುತ್ತದೆ.

3. ಮೇಲಿನಿಂದ ಕೆಳಕ್ಕೆ ಬನ್ನಿ. ಬಲಗೈಯವರು ಎಡದಿಂದ ಬಲಕ್ಕೆ, ಎಡಗೈಯವರು ಬಲದಿಂದ ಎಡಕ್ಕೆ. ಈ ಪೇಂಟ್ ಗಂಟೆಗಟ್ಟಲೆ ಹಸಿಯಾಗಿಯೇ ಇರುತ್ತದೆ, ತೋಳು ತಾಗಿದರೆ ಕಥೆ ಮುಗೀತು. ಸಣ್ಣ ವಿವರ ಬರೆಯುವಾಗ ಒಂದು ಕೋಲಿನ ತುದಿಗೆ ಬಟ್ಟೆ ಸುತ್ತಿ, ಅದನ್ನು ಚಿತ್ರದ ಆಚೆ ಖಾಲಿ ಜಾಗಕ್ಕೆ ಊರಿ, ಮಣಿಕಟ್ಟನ್ನು ಕೋಲಿನ ಮೇಲಿಟ್ಟುಕೊಳ್ಳಿ.

4. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಕಪ್ಪು ಹೊರಗೆರೆ ಕೊನೆಗೆ. ಹಸಿ ಕಪ್ಪಿನ ಮೇಲೆ ಬಿಳಿ ಎಳೆದರೆ ಬೂದಿ ಬಣ್ಣವೇ ಬರುವುದು. ಪ್ರತಿ ಗೆರೆಯ ನಂತರ ತುದಿಯನ್ನು ಬಟ್ಟೆಗೆ ಒಮ್ಮೆ ಒರೆಸುವ ಅಭ್ಯಾಸ ಮಾಡಿಕೊಳ್ಳಿ.

5. ಗೆರೆಯನ್ನು ಮಣಿಕಟ್ಟಿನಿಂದಲ್ಲ, ಭುಜದಿಂದ ಎಳೆಯಿರಿ. ಅಕ್ಷರ ಬರೆಯುವಾಗ ಇದು ಇನ್ನೂ ಮುಖ್ಯ. ಕನ್ನಡ ಅಕ್ಷರಗಳ ದುಂಡುತನಕ್ಕೆ ಈ ಕಡ್ಡಿ ಹೇಳಿಮಾಡಿಸಿದ ಹಾಗಿದೆ. 'ಠ' ಅನ್ನು ಒಂದೇ ಉಸಿರಿನಲ್ಲಿ ಎಳೆದು ನೋಡಿ. ನಿಂತು ನಿಂತು ಎಳೆದರೆ ನಿಂತ ಕಡೆಯೆಲ್ಲ ಪೇಂಟ್ ಗುಡ್ಡೆ ಬೀಳುತ್ತದೆ.

ಒಂದೇ ಕಡ್ಡಿಯಲ್ಲಿ ಮೂರು ಬಗೆಯ ಗುರುತು ಸಿಗುತ್ತವೆ. ತುದಿಯಿಂದ ಗೆರೆ. ಸುತ್ತಿದ ಕಾಗದ ಬಿಚ್ಚಿ ಅಡ್ಡ ಮಲಗಿಸಿ ಎಳೆದರೆ ಅಗಲವಾದ ಪಟ್ಟಿ, ಅದರಲ್ಲಿ ಗೋಡೆಯ ತರಿತರಿ ಎದ್ದು ಕಾಣುತ್ತದೆ. ಒಂದು ಅಂಚಿಗೆ ಮಾತ್ರ ಒತ್ತು ಕೊಟ್ಟು ಎಳೆದರೆ ಒಂದು ಬದಿ ಗಾಢ, ಇನ್ನೊಂದು ಬದಿ ಮಾಯ. ನೆರಳು ಕೊಡಲು ನನಗೆ ಈ ಮೂರನೆಯದೇ ಇಷ್ಟ.

ಬಣ್ಣ ಬೆರೆಸಲು ಗ್ಲೌಸ್ ಹಾಕಿದ ಬೆರಳು ಸಾಕು. ಜಾಗ ದೊಡ್ಡದಾದರೆ ಗಿಡ್ಡ ಕೂದಲಿನ ಗಟ್ಟಿ ಬ್ರಷ್. ಪೇಂಟ್ ತೆಳ್ಳಗೆ ಮಾಡುವ ಟರ್ಪೆಂಟೈನ್ ಅಥವಾ ಮಿನರಲ್ ಸ್ಪಿರಿಟ್‌ನಲ್ಲಿ ಬ್ರಷ್ಷನ್ನು ಸ್ವಲ್ಪವೇ ಅದ್ದಿ ಸವರಿದರೆ ಗೆರೆ ಕರಗಿ ತೆಳು ಪೇಂಟಿನಂತೆ ಹರಡುತ್ತದೆ. ಸ್ವಲ್ಪವೇ ಅಂದೆ, ಗಮನಿಸಿ. ಜಾಸ್ತಿಯಾದರೆ ಸೋರಿ ಇಳಿಯುತ್ತದೆ.

ಒಣಗುವ ಲೆಕ್ಕ

ತೆಳು ಗೆರೆ ಒಂದೆರಡು ದಿನದಲ್ಲಿ ಮುಟ್ಟುವ ಹದಕ್ಕೆ ಬರುತ್ತದೆ. ದಪ್ಪಗೆ ಮೆತ್ತಿದ್ದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಒಳಗೆ ಹಸಿಯಾಗಿಯೇ ಇರುತ್ತದೆ. ಮೇಲೆ ಪೊರೆ, ಒಳಗೆ ಪೇಂಟ್, ಥೇಟ್ ಕಡ್ಡಿಯ ಹಾಗೇ. ಕಾರ್ಖಾನೆ ಮಾರ್ಕರ್‌ಗಳು ಇದಕ್ಕಿಂತ ಬೇಗ ಒಣಗುತ್ತವೆ. ಮಳೆ ಬರುವ ಲಕ್ಷಣ ಇರುವ ದಿನ ಗೋಡೆ ಕೆಲಸ ಶುರು ಮಾಡಬೇಡಿ. ಎಣ್ಣೆ ಪೇಂಟಿಗೆ ನೀರು ಹತ್ತಲ್ಲ ಅನ್ನೋದು ಒಣಗಿದ ಮೇಲಿನ ಮಾತು.

ಒಂದು ನಿಯಮ ಮಾತ್ರ ಮೀರಬೇಡಿ: ಅಕ್ರಿಲಿಕ್ ಮೇಲೆ ಎಣ್ಣೆ ಹಾಕಬಹುದು, ಎಣ್ಣೆಯ ಮೇಲೆ ಅಕ್ರಿಲಿಕ್ ಹಾಕಬಾರದು. ಹಾಕಿದರೆ ಮೇಲಿನ ಪದರ ಕಚ್ಚಿಕೊಳ್ಳದೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ವಾರ್ನಿಷ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಇದರಲ್ಲಿ ಮೇಣ ಇರುವುದರಿಂದ ವಾರ್ನಿಷ್ ಸರಿಯಾಗಿ ಕೂರುತ್ತದೆ ಅನ್ನೋ ಭರವಸೆ ಇಲ್ಲ. ಸ್ಪ್ರೇ ವಾರ್ನಿಷ್‌ನಲ್ಲಿರುವ ದ್ರಾವಕ ಹಸಿ ಗೆರೆಯನ್ನು ಕರಗಿಸಲೂಬಹುದು. ಹೊರಗೆ ನಾನಂತೂ ಹಾಗೇ ಬಿಡುತ್ತೇನೆ. ಮುಗಿಸಿದ ದಿನವೇ, ಬಿಸಿಲು ನೇರವಾಗಿ ಬೀಳದ ಹೊತ್ತಿನಲ್ಲಿ, ಚೆನ್ನಾಗಿ ಒಂದು ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ.

ಗೋಡೆ ಬಿಟ್ಟು ಬೇರೆ ಕಡೆ

ಬಟ್ಟೆಗೆ ಈ ಕಡ್ಡಿ ತುಂಬಾ ಚೆನ್ನಾಗಿ ಹೊಂದುತ್ತದೆ, ಆದರೂ ಬಳಸುವವರು ಕಡಿಮೆ. ಹೊಸ ಹತ್ತಿ ಬಟ್ಟೆಯ ಗಂಜಿ ಹೋಗುವ ಹಾಗೆ ಒಗೆದು, ಇಸ್ತ್ರಿ ಮಾಡಿ. ಕೆಳಗೆ ನರ ಎದ್ದು ಕಾಣುವ ಎಲೆ, ಬೆತ್ತದ ಹೆಣಿಗೆ ಅಥವಾ ದಪ್ಪ ಹಲಗೆಯಿಂದ ಕತ್ತರಿಸಿದ ಆಕಾರ ಇಡಿ. ಬಟ್ಟೆ ಅಲುಗದಂತೆ ಟೇಪ್ ಹಾಕಿ, ಕಡ್ಡಿಯನ್ನು ಒಂದೇ ದಿಕ್ಕಿಗೆ, ಮಧ್ಯದಿಂದ ಹೊರಕ್ಕೆ ಎಳೆಯಿರಿ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಬಟ್ಟೆ ಸುಕ್ಕಾಗಿ ಎಲೆಗೆ ಎರಡು ಅಂಚು ಬರುತ್ತವೆ. ಹೀಗೆ ಅಡಿಯ ವಸ್ತುವಿನ ಗುರುತನ್ನು ಉಜ್ಜಿ ಮೇಲೆ ತರುವ ಆಟವನ್ನು ಜರ್ಮನ್ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಸವೆದ ಮರದ ನೆಲದ ಮೇಲೆ ಕಾಗದ ಇಟ್ಟು ಆಡಿ, ಅದರಿಂದಲೇ ಒಂದು ಚಿತ್ರಮಾಲೆ ಮಾಡಿದ್ದ.

ಬಟ್ಟೆಯನ್ನು 3ರಿಂದ 5 ದಿನ ಒಣಗಿಸಿ. ಆಮೇಲೆ ಮೇಲೊಂದು ಕೆಳಗೊಂದು ಸಾದಾ ಕಾಗದ ಇಟ್ಟು, ಹಿಂಬದಿಯಿಂದ, ಆ ಬಟ್ಟೆ ತಡೆಯುವ ಬಿಸಿಯಲ್ಲಿ ಒಂದೊಂದು ಜಾಗಕ್ಕೆ ಹತ್ತು ಹದಿನೈದು ಸೆಕೆಂಡ್ ಇಸ್ತ್ರಿ ಒತ್ತಿ. ಕಿಟಕಿ ತೆಗೆದಿರಲಿ, ಸ್ವಲ್ಪ ವಾಸನೆ ಬರುತ್ತದೆ. ಇಷ್ಟು ಮಾಡಿದರೆ ಒಗೆಯಬಹುದು. ಡ್ರೈ ಕ್ಲೀನಿಂಗ್‌ಗೆ ಮಾತ್ರ ಕೊಡಬೇಡಿ, ಅದರ ದ್ರಾವಕಕ್ಕೆ ಪೇಂಟ್ ಬಿಟ್ಟುಬರುತ್ತದೆ.

ಸ್ಟೆನ್ಸಿಲ್, ಅಂದರೆ ಆಕಾರ ಕತ್ತರಿಸಿ ತೆಗೆದ ಹಾಳೆ, ಹಾಕುವುದಾದರೆ ಕಡ್ಡಿಯನ್ನು ನೇರವಾಗಿ ತೂತಿನೊಳಗೆ ಉಜ್ಜಬೇಡಿ. ಸ್ಟೆನ್ಸಿಲ್‌ನ ಅಂಚಿನ ಮೇಲೆ, ಅಂದರೆ ಹಾಳೆಯ ಮೇಲೇ, ಗೀಚಿ. ಅಲ್ಲಿಂದ ಗಟ್ಟಿ ಬ್ರಷ್ಷಿನಲ್ಲಿ ಬಣ್ಣವನ್ನು ಒಳಕ್ಕೆ ಎಳೆಯಿರಿ. ಅಂಚಿನಲ್ಲಿ ಗಾಢ, ಮಧ್ಯದಲ್ಲಿ ತಿಳಿ, ಗೆರೆ ಚೂಪು.

ಕಾಗದದ ತೊಂದರೆ ಎಣ್ಣೆ. ಸಾದಾ ಹಾಳೆಯಲ್ಲಿ ಗೆರೆಯ ಸುತ್ತ ಹಳದಿ ಪ್ರಭಾವಳಿ ಮೂಡುತ್ತದೆ, ವರ್ಷ ಕಳೆದಂತೆ ಕಾಗದ ಪುಡಿಪುಡಿಯಾಗುತ್ತದೆ. ದಪ್ಪ ಕಾಗದಕ್ಕೆ ಎರಡು ಕೋಟ್ ಜೆಸ್ಸೋ (ಚಿತ್ರ ಬರೆಯುವ ಮುನ್ನ ಬಳಿಯುವ ಬಿಳಿ ಪ್ರೈಮರ್) ಹೊಡೆದುಕೊಂಡರೆ ಈ ತಲೆನೋವಿಲ್ಲ. ಸುಮ್ನೆ ಸ್ಕೆಚ್‌ಬುಕ್ಕಿನ ಆಟಕ್ಕೆ ಅಷ್ಟೆಲ್ಲ ಬೇಡ. ಬಿಳಿ ಕಡ್ಡಿಯಿಂದ ಏನಾದರೂ ಗೀಚಿ, ಅದರ ಮೇಲೆ ನೀಲಿ ವಾಟರ್ ಕಲರ್ ಹರಿಸಿ. ಎಣ್ಣೆ ಇದ್ದಲ್ಲಿ ನೀರು ಹಿಂದೆ ಸರಿಯುತ್ತದೆ, ಕಾಣದಿದ್ದ ಗೆರೆಗಳು ಒಂದೊಂದಾಗಿ ಎದ್ದು ಬರುತ್ತವೆ. ಮರದ ಹಲಗೆ ಮೇಲೆ ಇನ್ನೊಂದು ಉಪಾಯ: ಹಳದಿ ಅಕ್ರಿಲಿಕ್ ಬಳಿದು ಒಣಗಿಸಿ, ಅದರ ಮೇಲೆ ಕಪ್ಪು ಕಡ್ಡಿ ತುಂಬಿಸಿ, ಹಸಿ ಇರುವಾಗಲೇ ಐಸ್‌ಕ್ರೀಮ್ ಕಡ್ಡಿಯಿಂದ ಕೆರೆದು ಚಿತ್ರ ಬಿಡಿಸಿ.

ಎಚ್ಚರ ತಪ್ಪಬಾರದ ವಿಷಯ

ಎಣ್ಣೆ ಒರೆಸಿದ ಬಟ್ಟೆಗಳು. ಇವನ್ನು ಮುದುರಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹೊರಬರುತ್ತದೆ. ಬಟ್ಟೆ ಉಂಡೆಯಾಗಿದ್ದರೆ ಆ ಬಿಸಿ ಹೋಗಲು ದಾರಿಯಿಲ್ಲದೆ ಏರುತ್ತಾ ಏರುತ್ತಾ ತಾನೇ ಹೊತ್ತಿಕೊಳ್ಳಬಹುದು. ಬೆಂಕಿಕಡ್ಡಿ ಗೀರುವುದೇ ಬೇಡ. ಬಟ್ಟೆಯನ್ನು ಹೊರಗೆ ಒಂದೇ ಪದರವಾಗಿ ಹರಡಿ ಗರಿಗರಿಯಾಗುವ ತನಕ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಗೆ ಹಾಕಿಡಿ.

ಕೆಲವು ಕಾರ್ಖಾನೆ ಮಾರ್ಕರ್‌ಗಳಲ್ಲಿ ಕ್ಸೈಲೀನ್‌ನಂಥ ದ್ರಾವಕ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅವು ಬೇಡ. ಕೆಲವು ಕೆಂಪು, ಹಳದಿಗಳಲ್ಲಿ ಕ್ಯಾಡ್ಮಿಯಂ, ಕೆಲವು ನೀಲಿಗಳಲ್ಲಿ ಕೋಬಾಲ್ಟ್ ಇರುವುದುಂಟು. ಕೈ ತೊಳೆಯದೆ ಏನನ್ನೂ ಬಾಯಿಗೆ ಹಾಕಬೇಡಿ. ಮಕ್ಕಳ ಜೊತೆ ಮಾಡುವುದಾದರೆ ವಿಷಕಾರಿಯಲ್ಲ ಅಂತ ಬರೆದಿರುವುದನ್ನೇ ಆರಿಸಿ. ಕೈಗೆ ಹತ್ತಿದ ಪೇಂಟಿಗೆ ಮೊದಲು ಯಾವುದಾದರೂ ಅಡುಗೆ ಎಣ್ಣೆ ಸವರಿ, ಒರೆಸಿ, ಆಮೇಲೆ ಸೋಪು ಹಾಕಿ. ಟರ್ಪೆಂಟೈನ್‌ನಲ್ಲಿ ಕೈ ತೊಳೆಯುವವರನ್ನು ನೋಡಿದ್ದೇನೆ. ಚರ್ಮ ಸುಲಿದು ಬರುತ್ತದೆ, ಬೇಡ.

ಉಳಿದ ತುಂಡುಗಳು

ಕಡ್ಡಿಗಳನ್ನು ನೆರಳಿನಲ್ಲಿ, ಮಲಗಿಸಿ, ಬಣ್ಣದಿಂದ ಬಣ್ಣಕ್ಕೆ ತಾಗದಂತೆ ಇಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಎಲ್ಲ ಕಡ್ಡಿಗಳೂ ಮೆತ್ತಗಾಗಿ ಒಂದಕ್ಕೊಂದು ತಬ್ಬಿಕೊಂಡಿರುತ್ತವೆ. ಚಳಿಗೆ ಬಿರುಸಾಗಿ ಬರೆಯದಿದ್ದರೆ ಪ್ಲಾಸ್ಟಿಕ್ ಸುತ್ತಿ ಹತ್ತು ನಿಮಿಷ ಜೇಬಿನಲ್ಲಿಟ್ಟುಕೊಳ್ಳಿ, ಸರಿಹೋಗುತ್ತದೆ.

ಹಿಡಿಯಲು ಬಾರದಷ್ಟು ಗಿಡ್ಡ ತುಂಡುಗಳನ್ನು ಎಸೆಯಬೇಡಿ. ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ ಹಲವು ಕಪ್ಪು ಪೇಂಟ್ ಸ್ಟಿಕ್‌ಗಳನ್ನು ಕರಗಿಸಿ ಇಟ್ಟಿಗೆಯಂಥ ಗಟ್ಟಿ ಮಾಡಿಕೊಂಡು, ಎರಡೂ ಕೈಯಲ್ಲಿ ಹಿಡಿದು ದೊಡ್ಡ ದೊಡ್ಡ ಚಿತ್ರ ತುಂಬಿಸುತ್ತಿದ್ದ. ನಮ್ಮ ಮಟ್ಟಕ್ಕೆ ಅಷ್ಟು ದೊಡ್ಡದು ಬೇಕಿಲ್ಲ. ತುಂಡುಗಳ ಪೊರೆಯನ್ನೆಲ್ಲ ಸುಲಿದು, ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿಡಿ. ಒಲೆಯ ಮೇಲೆ ನೇರವಾಗಿ ಇಡಬೇಡಿ. ಮೆತ್ತಗಾದ ಮೇಲೆ ಚೀಲದ ಹೊರಗಿನಿಂದಲೇ ನಾದಿ ಅಂಗೈಗೆ ಹೊಂದುವ ಉಂಡೆ ಮಾಡಿ, ತಣ್ಣಗಾಗಲು ಬಿಡಿ. ಕೆಂಪು, ಕಪ್ಪು, ಬಿಳಿ ಮೂರನ್ನೂ ಅರೆಬರೆ ನಾದಿದ ಉಂಡೆ ನನ್ನ ಹತ್ತಿರ ಒಂದಿದೆ. ಗೋಡೆಯ ಮೇಲೆ ಒಮ್ಮೆ ಎಳೆದರೆ ಮೂರೂ ಬಣ್ಣ ಪಕ್ಕಪಕ್ಕದಲ್ಲಿ ಓಡುತ್ತವೆ. ಯಾವುದು ಎಲ್ಲಿ ಬರುತ್ತದೆ ಅಂತ ಮೊದಲೇ ಹೇಳಲು ನನಗಿನ್ನೂ ಆಗಿಲ್ಲ.